ಸಂಶಯ ಬಂದರೆ ಭಾರದ್ದು

ನಕಲು ವಿಭಾಗದ ಮೂಲೆಯಲ್ಲಿ ಒಂದು ಕುರ್ಚಿ ಇತ್ತು. ತಂದಿಟ್ಟು ಎಷ್ಟೋ ವರ್ಷವಾಗಿದ್ದರೂ ಅದರ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಕಿತ್ತಿರಲಿಲ್ಲ. ಹಿಂದಿನ ಗೋಡೆಗೆ ‘ತಿದ್ದುಪಡಿ’ ಎಂಬ ಫಲಕ ತೂಗುತ್ತಿತ್ತು. ಕೋರ್ಟಿನ ಆದೇಶದ ಪ್ರತಿಯಲ್ಲಿ ತಪ್ಪಾಗಿದೆ ಎಂದು ಕೂಗಾಡಿಕೊಂಡು ಯಾರಾದರೂ ಬಂದರೆ ಕೂರಲಿ ಎಂದು ತರಿಸಿದ ಕುರ್ಚಿ ಅದು. ಒಬ್ಬರೂ ಬಂದಿರಲಿಲ್ಲ. ಆಟದಲ್ಲಿ ಗೆದ್ದ ಕಪ್ಪನ್ನು ಶಾಲೆಯವರು ತೋರಿಸುವ ಹಾಗೆ ವಿಭಾಗದವರು ಬಂದಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. "ನೋಡಿ ಸರ್, ಪ್ಲಾಸ್ಟಿಕ್ ಕೂಡ ಹರಿದಿಲ್ಲ!"

ಆ ಹೆಮ್ಮೆಯಲ್ಲಿ ಸಿಂಹಪಾಲು ವಿಭಾಗದ ಹಿರಿಯ ಗುಮಾಸ್ತೆ ಬಿಡಿಸಕ್ಕನದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು; ಇದು ಕಚೇರಿ ಇಟ್ಟ ಹೆಸರು. ಮೇಲಿನ ಮಹಡಿಯಲ್ಲಿ ಸಾಹೇಬರು ಪೀಠದಲ್ಲಿ ಕೂತು ರಾಶಿ ರಾಶಿ ಮೊಕದ್ದಮೆ ಕರೆಯುತ್ತಾರೆ. ಹೊತ್ತು ಸಾಲುವುದಿಲ್ಲ. ಹಾಗಾಗಿ ಆದೇಶವನ್ನು ಎರಡೆರಡು ಅಕ್ಷರದಲ್ಲಿ ಗೀಚಿ ಕೆಳಗೆ ಕಳಿಸುತ್ತಾರೆ. ಆ ಅಕ್ಷರಗಳನ್ನು ಬಿಡಿಸಿ, ಪೂರ್ತಿ ವಾಕ್ಯ ಮಾಡಿ, ಬೆರಳಚ್ಚು ಮಾಡುವುದು ನಕಲು ವಿಭಾಗದ ಕೆಲಸ. ಸಂಜೆ ಕಟ್ಟು ಮತ್ತೆ ಮೇಲೆ ಹೋಗುತ್ತದೆ, ಸಾಹೇಬರು ಸಹಿ ಹಾಕುತ್ತಾರೆ. ಓದಿ ಹಾಕುತ್ತಾರೆಂದು ಯಾರೂ ಆಣೆ ಮಾಡಿ ಹೇಳಲಾರರು. ಸಹಿ ಬಿತ್ತೆಂದರೆ ಬಿತ್ತು. ಒಂದು ಪ್ರತಿ ಪೊಲೀಸರಿಗೆ, ಒಂದು ಕಕ್ಷಿದಾರನಿಗೆ, ಈಚೆಗೆ ಒಂದು ಗೇಟಿನ ಕಂಪ್ಯೂಟರಿಗೂ.

ತೊಂದರೆ ಏನೆಂದರೆ ಅಕ್ಷರ ಎರಡು, ಅರ್ಥವೂ ಎರಡು. ‘ವಿ.ಬಿ.’ ಎಂದರೆ ವಿಚಾರಣೆ ಬಾಕಿ. ವಿಚಾರಣೆಯಿಂದ ಬಿಡುಗಡೆ ಎಂದೂ ಆಗುತ್ತದೆ. ‘ಅ.ವಾ.’ ಅರ್ಜಿ ವಾಪಸ್ಸೂ ಹೌದು, ಅರ್ಜಿದಾರರ ವಾದವೂ ಹೌದು. ‘ಸಾ.ಇ.’ ಅಂತೂ ದೇವರಿಗೇ ಪ್ರೀತಿ: ಸಾಕ್ಷಿ ಇದೆಯೋ ಇಲ್ಲವೋ, ಬರೆದ ಕೈಗೇ ಗೊತ್ತು. ಒಬ್ಬ ಸಾಹೇಬರು ಒಂದು ಅರ್ಥಕ್ಕೆ ಬರೆದರೆ ಅವರ ನಂತರ ಬಂದವರು ಇನ್ನೊಂದಕ್ಕೆ. ಮೇಲೆ ಹೋಗಿ ಕೇಳಿಬಿಡಬಹುದಲ್ಲ ಎನ್ನುತ್ತೀರಿ. ಹಿಂದೊಮ್ಮೆ ಒಬ್ಬ ಗುಮಾಸ್ತ ಹಾಗೆ ಕೇಳಲು ಹೋಗಿದ್ದ. ಆಗಿನ ಸಾಹೇಬರು ಅವನನ್ನು ತುಂಬಿದ ಕೋರ್ಟಿನಲ್ಲಿ ನಿಲ್ಲಿಸಿ, "ಓದೋಕೆ ಬರುತ್ತೇನಪ್ಪಾ ನಿನಗೆ?" ಎಂದು ಮರ್ಯಾದೆ ಕಳೆದು, ತಿಂಗಳೊಳಗೆ ಎಲ್ಲಿಗೋ ಎತ್ತಂಗಡಿ ಮಾಡಿಸಿದರು. ಅಂದಿನಿಂದ ಮೇಲೆ ಕೇಳುವುದೆಂದರೆ ಹುತ್ತಕ್ಕೆ ಕೈ ಹಾಕಿದ ಹಾಗೆ.

ಅದಕ್ಕೇ ಬಿಡಿಸಕ್ಕ ಒಂದು ನಿಯಮ ಮಾಡಿದ್ದಳು: ಸಂಶಯ ಬಂದರೆ ಭಾರದ್ದು. ಎರಡು ಅರ್ಥದಲ್ಲಿ ಯಾವುದು ಮನುಷ್ಯನ ಮೇಲೆ ಹೆಚ್ಚು ಭಾರ ಹಾಕುತ್ತದೋ ಅದನ್ನೇ ಬರೆಯಬೇಕು. ಬಂದ ಪ್ರತಿಯೊಬ್ಬ ಹೊಸಬರಿಗೂ ಅವಳೇ ಬಾಯಿಪಾಠ ಮಾಡಿಸುತ್ತಿದ್ದಳು.

"ಹಗುರದ್ದು ಬರೆದು ತಪ್ಪಾಯ್ತು ಅಂದ್ಕೊಳ್ಳಿ, ಲಾಭ ಆದವನು ಬಂದು ಹೇಳ್ತಾನಾ? ಹೇಳಲ್ಲ. ಎಂದೋ ಒಂದಿನ ಪೊಲೀಸರು ಬಂದು ಇದನ್ನ ಬರೆದವರು ಯಾರು ಅಂತ ಕೇಳ್ತಾರೆ, ನಮ್ಮ ಕುತ್ತಿಗೆಗೆ ಬರುತ್ತೆ. ಅದೇ ಭಾರದ್ದು ಬರೆದು ತಪ್ಪಾದ್ರೆ? ಪಾರ್ಟಿನೇ ಓಡಿ ಬಂದು ಕೂಗಾಡ್ತಾನೆ. ಆ ಕುರ್ಚಿಲಿ ಕೂರಿಸಿ, ನೀರು ಕೊಟ್ಟು, ತಿದ್ದಿ ಕಳಿಸಿದ್ರೆ ಆಯ್ತು. ಇಷ್ಟು ವರ್ಷದಲ್ಲಿ ಯಾರಾದ್ರೂ ಬಂದಿದ್ದಾರಾ ನೋಡಿ. ಮೌನಂ ಸಮ್ಮತಿ ಲಕ್ಷಣಂ!"

ವಾದದಲ್ಲಿ ಎಲ್ಲೂ ಬಿರುಕು ಕಾಣುತ್ತಿರಲಿಲ್ಲ. ಇನ್ನೂ ಒಂದು ಪದ್ಧತಿ ಇತ್ತು, ಅದನ್ನೂ ಹೇಳಿಬಿಡಬೇಕು. ನೆಂಟರು ಇಷ್ಟರು ಎಂದು ಪಕ್ಷಪಾತ ಆಗಬಾರದಲ್ಲ? ಹಾಗಾಗಿ ಒಬ್ಬರು ಇನ್ನೊಬ್ಬರನ್ನು ಅಕ್ಷರ ಕೇಳುವಾಗ ಹಾಳೆಯ ಮೇಲ್ಭಾಗವನ್ನು ಹಿಂದಕ್ಕೆ ಮಡಚಿ, ಹೆಸರು ಕಾಣದಂತೆ ಹಿಡಿದು ಕೇಳಬೇಕು. ತಮ್ಮವರ ಮೊಕದ್ದಮೆಯ ಹಾಳೆಯನ್ನಂತೂ ಮುಟ್ಟುವಂತೆಯೇ ಇಲ್ಲ.

ವಿಭಾಗದ ಹಿಂಬದಿಗೆ ಒಂದು ಕಿಟಕಿ. ಅದರ ಕೆಳಗೆ ಅಂಗಳ, ಅಂಗಳದ ಆಚೆ ಹಿಡಿದು ತಂದವರನ್ನು ಸಂಜೆಯ ವ್ಯಾನು ಬರುವವರೆಗೆ ಕೂಡಿಹಾಕುವ ಕೋಣೆ. ಅಲ್ಲಿ ಹಗಲೆಲ್ಲ ಗಲಾಟೆ. ಅಕ್ಷರ ಬಿಡಿಸುವವರಿಗೆ ನೆಮ್ಮದಿ ಬೇಕು ಎಂದು ಆ ಕಿಟಕಿಗೆ ಚಿಲಕ ಹಾಕಿ, ಸಂದಿಗಳಿಗೆ ಕೆಟ್ಟುಹೋದ ಹಾಳೆಗಳನ್ನು ತುರುಕಿ, ಮುಂದೆ ಬೀರು ಸರಿಸಿ ಇಟ್ಟಿದ್ದರು. ಆಮೇಲೆ ಫ್ಯಾನಿನ ಸದ್ದಷ್ಟೇ ಉಳಿಯಿತು.

ಬಿಡಿಸಕ್ಕನಿಗೆ ಒಬ್ಬನೇ ತಮ್ಮ. ಲಿಫ್ಟ್ ರಿಪೇರಿ ಅವನ ಕಸುಬು. ಒಂದು ಕಟ್ಟಡದ ಲಿಫ್ಟ್ ಕುಸಿದು ಒಬ್ಬರ ಕಾಲು ಮುರಿದಾಗ, ಕಟ್ಟಡದ ಮಾಲೀಕನ ಜೊತೆಗೆ ಕೊನೆಯ ಸಲ ರಿಪೇರಿ ಮಾಡಿದವನೆಂದು ಇವನ ಹೆಸರನ್ನೂ ಸೇರಿಸಿದರು. ಜಾಮೀನು ಸಿಗುವವರೆಗೆ ಕೆಲವು ದಿನ ಒಳಗಿದ್ದ. ಹೊರಗೆ ಬಂದವನು ಹೋದವನಾಗಿರಲಿಲ್ಲ. ಮುಚ್ಚಿದ ಬಾಗಿಲು ಕಂಡರೆ ಬೆವರುತ್ತಿದ್ದ. ಬಚ್ಚಲಿಗೆ ಹೋದರೂ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಯಾರೂ ಒಳಗೆ ನುಗ್ಗದಿರಲಿ ಎಂದು, ಒಳಗೆ ಕೂತಷ್ಟು ಹೊತ್ತೂ ಗಟ್ಟಿಯಾಗಿ ಹಾಡುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಒಂದೇ ಹಾಡು, ಚಿಕ್ಕವನಾಗಿದ್ದಾಗ ಅಕ್ಕ ಎಣಿಕೆ ಕಲಿಸಲು ಕಟ್ಟಿದ ಒಂದು ಎರಡರ ಹಾಡು. ಅದರಲ್ಲೂ ಏಳರ ನಂತರ ಮರೆತು ಮತ್ತೆ ಒಂದರಿಂದ ಶುರುಮಾಡುತ್ತಿದ್ದ. "ಅಪ್ಪನ ಕಛೇರಿ ಶುರುವಾಯ್ತು" ಎಂದು ಅವನ ಮಗಳು ನಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವನು ಒಂದೇ ಒಂದು ಸಲ ಅಕ್ಕನ ಹತ್ತಿರ ಕೂತು ನಗದೆ ಹೇಳಿದ್ದ: "ಇನ್ನೊಂದ್ಸಲ ಒಳಗೆ ಹಾಕಿದ್ರೆ ನಾನು ನಾನಾಗಿ ಆಚೆ ಬರಲ್ಲ ಕಣೇ ಅಕ್ಕ." ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಮೊಕದ್ದಮೆ ಎಳೆಯುತ್ತಲೇ ಇತ್ತು. ಪ್ರತಿ ತಾರೀಖಿಗೂ ಕೆಲಸ ಬಿಟ್ಟು ಬರುವವನನ್ನು ಯಾವ ಯಜಮಾನ ಇಟ್ಟುಕೊಳ್ಳುತ್ತಾನೆ? ಕೊನೆಗೆ ವಕೀಲರು ಅರ್ಜಿ ಹಾಕಿದರು. ಒಂದು ಸೋಮವಾರ ಸಾಹೇಬರು ಅವನ ಮುಖ ನೋಡಿ, "ಸರಿ, ಕರೆಯೋವರೆಗೂ ನೀನು ಬರಬೇಡ. ಕೆಲಸ ಮಾಡ್ಕೊ ಹೋಗು" ಎಂದರು. ಹಾಜರಾತಿಯಿಂದ ವಿನಾಯಿತಿ.

ಆ ಸಂಜೆ ತಮ್ಮನ ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಆದೇಶದ ಪ್ರತಿ ತಂದು ತೋರಿಸಿದರೆ ಮತ್ತೆ ಕೆಲಸಕ್ಕೆ ತಗೊಳ್ಳುತ್ತೇನೆ ಎಂದು ಯಜಮಾನ ಫೋನಿನಲ್ಲಿ ಹೇಳಿದ್ದ.

"ದೇವರು ವರ ಕೊಟ್ಟಾಯ್ತು, ಇನ್ನು ಪೂಜಾರಿ ಕೊಡಬೇಕಷ್ಟೆ" ಎಂದ ತಮ್ಮ.

"ಪೂಜಾರಿ ನಾನೇ ಇದ್ದೀನಲ್ಲೋ!" ಎಂದು ಅಕ್ಕ ಅವನ ತಲೆಗೆ ಮೊಟಕಿದಳು. "ನಿನ್ನ ಹಾಳೆ ನಾನು ಮುಟ್ಟೋ ಹಾಗಿಲ್ಲ, ಬೇರೆಯವರು ಮಾಡ್ತಾರೆ. ಗುರುವಾರ ಊಟದ ಹೊತ್ತಿಗೆ ಬಾ. ಕೆಳಗೆ ಕೌಂಟರ್ ಮುಂದೆ ಕ್ಯೂ ನಿಲ್ಲಬೇಡ, ಸೀದಾ ನನ್ನ ಹತ್ರ ಬಾ. ಪ್ರತಿ ಕೈಗೆ ಕೊಡಿಸ್ತೀನಿ, ನಮ್ಮ ವಿಭಾಗನೂ ನೋಡ್ಕೊಂಡು ಹೋಗುವಿಯಂತೆ."

"ಬರಬೇಡ ಅಂತ ಬರೆದಿರೋ ಕಾಗದ ತಗೊಳ್ಳೋಕೂ ಬರಲೇಬೇಕಾ?" ಎಂದು ಅವನು ನಕ್ಕ. ಅವಳೂ ನಕ್ಕಳು.

ಬುಧವಾರ ಮಧ್ಯಾಹ್ನ ವಿಭಾಗದ ಹೊಸಬರೊಬ್ಬರು ಅವಳ ಮೇಜಿಗೆ ಬಂದರು. ಹೊಸಬರೆಂದರೆ ಹೆಸರಿಗಷ್ಟೆ, ತಲೆ ಪೂರ್ತಿ ನೆರೆತಿತ್ತು, ನಿವೃತ್ತಿ ಬಾಗಿಲಲ್ಲೇ ನಿಂತಿತ್ತು. ಬೇರೊಂದು ಕೋರ್ಟಿನಿಂದ ವರ್ಗವಾಗಿ ಬಂದವರು. ಹಾಳೆಯನ್ನು ಪದ್ಧತಿಯಂತೆ ಮಡಚಿ ಹಿಡಿದಿದ್ದರು.

"ಮೇಡಂ, ಇದೊಂದು ‘ಹಾ.ವಿ.’ ಬಂದಿದೆ. ಹಾಜರಾತಿಯಿಂದ ವಿನಾಯಿತಿಯೋ, ಹಾಜರಾಗಲು ವಿಫಲವೋ?"

ಬಿಡಿಸಕ್ಕ ತಲೆ ಎತ್ತಲಿಲ್ಲ. ತಮ್ಮನ ಹಾಳೆ ಮಂಗಳವಾರದ ಕಟ್ಟಿನಲ್ಲೇ ಹೋಯಿತೆಂದು ಅವಳ ಎಣಿಕೆ. ಮೇಲಿನಿಂದ ಆ ಕಟ್ಟು ಒಂದು ದಿನ ತಡವಾಗಿ ಇಳಿದದ್ದು ಅವಳಿಗೆ ಗೊತ್ತಿರಲಿಲ್ಲ. ಅಥವಾ, ನಿಜ ಹೇಳಬೇಕೆಂದರೆ, ಗೊತ್ತಿದ್ದರೂ ಹೊಳೆಯುತ್ತಿರಲಿಲ್ಲ. ‘ಹಾ.ವಿ.’ ಎಂದರೆ ಅವಳಿಗೆ ಎರಡು ಅಕ್ಷರ, ತಮ್ಮನೆಂದರೆ ತಮ್ಮ. ಮಡಚಿದ ಹಾಳೆಯೊಳಗೆ ಮನುಷ್ಯರಿರುತ್ತಾರೆಂಬುದನ್ನು ಅವಳು ಎಂದೋ ಮರೆತಿದ್ದಳು.

"ಸಂಶಯ ಬಂದರೆ?" ಎಂದು ಪಾಠ ಒಪ್ಪಿಸುವವರನ್ನು ಕೇಳುವಂತೆ ಕೇಳಿದಳು.

"ಭಾರದ್ದು" ಎಂದರು ಹೊಸಬರು. ಆದರೆ ಹೋಗಲಿಲ್ಲ. ಹಾಳೆ ಹಿಡಿದು ನಿಂತೇ ಇದ್ದರು. "ವಿಫಲ ಅಂತ ಬರೆದ್ರೆ ಸೀದಾ ವಾರಂಟ್ ಆಗುತ್ತಲ್ಲ ಮೇಡಂ. ನಮ್ಮ ಹಳೇ ಕೋರ್ಟಲ್ಲಿ ಒಬ್ಬರಿಗೆ ಹೀಗೇ ಬರೆದಿದ್ದೆ. ಆಮೇಲೆ ಮನಸ್ಸು ತಡೀಲಿಲ್ಲ. ಆ ಮನುಷ್ಯ ಬಂದು ಕೇಳ್ತಾನೇನೋ ಅಂತ ತುಂಬ ದಿನ ಕಾದೆ."

"ಬಂದ್ರಾ?"

"ಇಲ್ಲ."

"ಮತ್ತಿನ್ನೇನು? ಸರಿಯಾಗೇ ಬರೆದಿದ್ರಿ ಅಂತ ಆಯ್ತಲ್ಲ."

ಹೊಸಬರು ತಮ್ಮ ಮೇಜಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅವರ ಕೀಲಿಮಣೆಯ ಸದ್ದು ಕೇಳಿತು. ಏಕೋ ಏನೋ, ಆ ಸದ್ದು ಬಿಡಿಸಕ್ಕನಿಗೆ ಆ ಮಧ್ಯಾಹ್ನವೆಲ್ಲ ಹಿತವಾಗಲಿಲ್ಲ. ಫ್ಯಾನು ಇನ್ನೊಂದು ಸುತ್ತು ಜೋರು ಮಾಡಿದಳು.

ಗುರುವಾರ ಅವಳು ಚೆನ್ನಾಗಿ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದಿದ್ದಳು. ಮೇಜು ಒರೆಸಿದಳು. ತಮ್ಮನಿಗೆ ತೋರಿಸಲೆಂದು ಆ ಕುರ್ಚಿಯ ಪ್ಲಾಸ್ಟಿಕ್ಕಿನ ಮೇಲಿನ ಧೂಳನ್ನೂ ಒರೆಸಿದಳು. ಊಟದ ಹೊತ್ತಿಗೆ ಫೋನು ಬಂತು.

"ಅಕ್ಕಾ, ಗೇಟಲ್ಲಿದ್ದೀನಿ. ಹೆಸರು ಬರೆಸಿದೆ. ಕಂಪ್ಯೂಟರ್ ನೋಡಿ ಪಕ್ಕಕ್ಕೆ ಕೂತ್ಕೋ ಅಂತಿದ್ದಾರೆ."

"ಕೂತ್ಕೊಳೋ, ಎಲ್ಲರನ್ನೂ ಚೆಕ್ ಮಾಡ್ತಾರೆ. ಈಗಿನವರದು ಅತಿ."

"ಇಬ್ಬರು ಪೊಲೀಸರು ಬರ್ತಾ ಇದ್ದಾರೆ. ನಿನ್ನ ಹೆಸರು ಹೇಳಲಾ?"

"ಹೇಳು ಹೇಳು. ನಾನೇ ಇಳಿದು ಬರ್ತೀನಿ" ಎಂದು ಫೋನಿಟ್ಟು ಎದ್ದಳು. ಎರಡು ಹೆಜ್ಜೆ ಇಟ್ಟಿರಬೇಕು. ಅಲ್ಲೇ ನಿಂತಳು. ಗೇಟಿನ ಕಂಪ್ಯೂಟರು ಪಕ್ಕಕ್ಕೆ ಕೂರಿಸುವುದು ಯಾರನ್ನು ಎಂಬುದು ಆ ಕಟ್ಟಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವಳಿಗೇ.

ಅವಳು ಹೊಸಬರ ಮೇಜಿಗೆ ಹೋದಳು.

"ನಿನ್ನೆ ಕೇಳಿದ್ರಲ್ಲ ಸರ್, ಆ ಹಾ.ವಿ. ಅದರ ಹೆಸರು ತೋರಿಸಿ."

"ಹೆಸರು ತೋರಿಸೋ ಹಾಗಿಲ್ಲವಲ್ಲ ಮೇಡಂ. ನೀವೇ..."

"ತೋರಿಸಿ ಸರ್."

ಹೊಸಬರು ಕಡತದಿಂದ ಹಾಳೆ ತೆಗೆದು ಮಡಿಕೆ ಬಿಚ್ಚಿದರು. ಅವಳು ಪೂರ್ತಿ ಓದಬೇಕಾಗಲಿಲ್ಲ. ತಂದೆಯ ಹೆಸರಿನ ಜಾಗದಲ್ಲಿ ಅವಳದೇ ಅಪ್ಪನ ಹೆಸರಿತ್ತು.

ಮೆಟ್ಟಿಲಿಳಿದು ಓಡಿದಳು. ಅವನನ್ನು ಆಗಲೇ ಎಬ್ಬಿಸಿಕೊಂಡು ಅಂಗಳದ ಕಡೆ ನಡೆಸಿದ್ದರು. ಒಂದು ಕೈಯಲ್ಲಿ ಪ್ರತಿ ಇಟ್ಟುಕೊಳ್ಳಲು ತಂದ ಖಾಲಿ ಫೈಲು. ಅಕ್ಕನನ್ನು ಕಂಡದ್ದೇ ಅವನ ಮುಖ ಅರಳಿತು.

"ನೋಡಿ ಸಾರ್, ನಮ್ಮಕ್ಕ ಬಂದ್ಲು" ಎಂದ ಪೊಲೀಸರಿಗೆ. "ನಾನು ಹೇಳ್ಲಿಲ್ವಾ, ಏನೋ ತಪ್ಪಾಗಿದೆ ಅಂತ. ಅವಳು ಇಲ್ಲೇ ಕೆಲಸ ಮಾಡೋದು. ಅವಳೇ ಬಿಡಿಸ್ತಾಳೆ."

"ಇವನಿಗೆ ವಿನಾಯಿತಿ ಕೊಟ್ಟಿದ್ದಾರೆ, ಬರೆಯೋದ್ರಲ್ಲಿ ತಪ್ಪಾಗಿದೆ" ಎಂದಳು ಅವಳು ಏದುಸಿರು ಬಿಡುತ್ತ.

"ಇರಬಹುದಮ್ಮಾ. ಎಲ್ಲರೂ ಹಾಗೇ ಹೇಳೋದು" ಎಂದ ಹಿರಿಯ ಪೊಲೀಸ. ಬೈಗುಳದ ದನಿಯಲ್ಲ, ದಣಿದ ದನಿ. "ನಮಗೆ ಬಂದ ಕಾಗದದಲ್ಲಿ ವಿಫಲ ಅಂತಿದೆ. ಕಾಗದ ತಿದ್ದಿಸ್ಕೊಂಡು ಬನ್ನಿ, ಬಿಡ್ತೀವಿ."

ತಮ್ಮನ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೆ ಅವನ ಕಣ್ಣು ಅಂಗಳದ ಆಚೆಯ ಕಬ್ಬಿಣದ ಬಾಗಿಲನ್ನು ನೋಡಿಬಿಟ್ಟಿತ್ತು. "ಅಕ್ಕ, ಬೇಗ" ಎಂದ. ಅಷ್ಟೇ ಹೇಳಿದ್ದು.

ಬಿಡಿಸಕ್ಕ ಅದುವರೆಗೆ ಕೆಲಸದ ಮೇಲೆ ಎಂದೂ ಹತ್ತದ ಮೆಟ್ಟಿಲು ಹತ್ತಿದಳು. ಪೀಠದ ಗುಮಾಸ್ತ ಒಬ್ಬನೇ ಕೂತು ಕಡತ ಕಟ್ಟುತ್ತಿದ್ದ. ಪೀಠ ಖಾಲಿ. ಬೆಳಿಗ್ಗೆಯೇ ಸಾಹೇಬರು ರಜೆ ಹಾಕಿ ಊರಿಗೆ ಹೋಗಿದ್ದರು, ಬರುವುದು ಇನ್ನು ಮುಂದಿನ ವಾರ.

"ಹಾ.ವಿ. ಅಂದ್ರೆ ಏನು?" ಎಂದಳು ಅವಳು. ಇಡೀ ಜೀವಮಾನದಲ್ಲಿ ಮೇಲೆ ಕೇಳಿದ ಮೊದಲ ಪ್ರಶ್ನೆ.

ಗುಮಾಸ್ತನಿಗೆ ನಗು ಬಂತು. "ವಿನಾಯಿತಿ. ಇನ್ನೇನು?"

"ವಿಫಲ ಅಂತ..."

"ಛೇ ಛೇ. ವಿಫಲ ಆದ್ರೆ ಈ ಸಾಹೇಬರು ಪೂರ್ತಿ ಬರೀತಾರೆ, ಕೆಳಗೆ ಗೆರೆ ಬೇರೆ ಎಳೀತಾರೆ. ಇಲ್ಲಿಗೆ ಬಂದ ದಿನದಿಂದ ಅವರು ಹಾ.ವಿ. ಅಂತ ಬರೆಯೋದು ವಿನಾಯಿತಿಗೆ ಮಾತ್ರ. ಯಾರಾದ್ರೂ ಒಬ್ಬರು ಬಂದು ಕೇಳಿದ್ರೆ ಹೇಳ್ತಿದ್ದೆ. ನಿಮ್ಮ ವಿಭಾಗದವರು ಕೇಳಲೇ ಇಲ್ಲ, ಗೊತ್ತಿದೆ ಅಂದ್ಕೊಂಡಿದ್ದೆ." ಅವನು ಕಟ್ಟುತ್ತಿದ್ದ ದಾರ ಬಿಟ್ಟು ಅವಳ ಮುಖ ನೋಡಿದ. "ಯಾಕೆ ಮೇಡಂ, ನೀವು ಏನಂತ ಬರೀತಿದ್ರಿ?"

ಆ ಸಾಹೇಬರು ಬಂದು ವರ್ಷಗಳೇ ಆಗಿದ್ದವು. ಎಷ್ಟು ಮಡಚಿದ ಹಾಳೆಗಳು ಅವಳ ಮೇಜಿಗೆ ಬಂದಿದ್ದವು! ಒಂದೊಂದಕ್ಕೂ ತಲೆ ಎತ್ತದೆ, ಭಾರದ್ದು, ಭಾರದ್ದು ಎಂದಿದ್ದಳು. ಬರಬೇಡ ಎಂದು ಸಾಹೇಬರೇ ಹೇಳಿದವರು ಅವರೆಲ್ಲ. ಹೇಳಿದ ಮಾತು ಕೇಳಿ ಮನೆಯಲ್ಲಿ ನಿಶ್ಚಿಂತೆಯಿಂದ ಇದ್ದವರು. ಕೂಗಾಡಲು ಅವರು ಬರುವುದಾದರೂ ಹೇಗೆ? ತಿಳಿಯುವ ಹೊತ್ತಿಗೆ ಪೊಲೀಸರು ಮನೆ ಬಾಗಿಲಲ್ಲಿರುತ್ತಾರೆ, ಕೇಳಲು ಬಂದರೆ ಗೇಟಿನಲ್ಲೇ ಹಿಡಿಯುತ್ತಾರೆ. ಕುರ್ಚಿಯ ಪ್ಲಾಸ್ಟಿಕ್ ಹರಿಯದೆ ಉಳಿದದ್ದು ಅವಳ ಜಾಣತನದಿಂದಲ್ಲ.

"ತಿದ್ದಿ ಕೊಡಿ. ನನ್ನ ತಮ್ಮ" ಎಂದಳು.

ಗುಮಾಸ್ತನಿಗೆ ನಿಜವಾಗಿಯೂ ಕನಿಕರವಾಯಿತು. "ನನ್ನ ಕೈಯಲ್ಲಿ ಏನಿದೆ ಮೇಡಂ? ಸಾಹೇಬರ ಸಹಿ ಬಿದ್ದಾಗಿದೆ, ತಿದ್ದೋಕೂ ಅವರೇ ಬೇಕು. ಅದಕ್ಕೂ ಮೊದಲು ಅರ್ಜಿ. ಪಾರ್ಟಿ ಖುದ್ದಾಗಿ ಬಂದು ನಿಮ್ಮ ತಿದ್ದುಪಡಿ ಮೇಜಿನ ಮುಂದೆ ಕೂತು ಬರೆದುಕೊಡಬೇಕು. ನಿಮ್ಮ ವಿಭಾಗ ಮಾಡಿದ ನಿಯಮನೇ ಅಲ್ವಾ?"

"ಅವನು ಒಳಗಿದ್ದಾನೆ."

"ಹೌದಲ್ಲ" ಎಂದ ಅವನು. ಆಮೇಲೆ ಮತ್ತೆ ದಾರ ಕೈಗೆ ತೆಗೆದುಕೊಂಡ.

ಅವಳು ಕೆಳಗೆ ಬಂದಾಗ ಊಟ ಮುಗಿಸಿದವರೆಲ್ಲ ಅವರವರ ಮೇಜಿಗೆ ಮರಳಿದ್ದರು. ಹೊಸಬರೊಬ್ಬರೇ ಎದ್ದು ನಿಂತಿದ್ದರು, ಬಿಚ್ಚಿದ ಹಾಳೆ ಇನ್ನೂ ಅವರ ಕೈಯಲ್ಲೇ ಇತ್ತು. ಅವಳು ಅವರನ್ನು ದಾಟಿ, ಒರೆಸಿಟ್ಟ ಕುರ್ಚಿಯನ್ನು ದಾಟಿ, ಹಿಂಬದಿಗೆ ಹೋದಳು. ಬೀರುವಿಗೆ ಹೆಗಲು ಕೊಟ್ಟು ನೂಕಿದಳು. ಹೊಸಬರು ಏನನ್ನೂ ಕೇಳದೆ ಬಂದು ಕೈಗೂಡಿಸಿದರು. ಕಿಟಕಿಯ ಸಂದಿಗಳಿಂದ ಹಳೆಯ ಹಾಳೆಗಳನ್ನು ಒಂದೊಂದಾಗಿ ಕಿತ್ತಳು. ಚಿಲಕ ತುಕ್ಕು ಹಿಡಿದಿತ್ತು; ಅವಳ ಬೆರಳು ಸೀಳಿತು, ಕಿಟಕಿ ತೆರೆದುಕೊಂಡಿತು.

ಗಲಾಟೆ ಒಮ್ಮೆಲೇ ಒಳಗೆ ನುಗ್ಗಿತು. ಇಷ್ಟು ವರ್ಷ ಬರೀ ಗಲಾಟೆಯೆಂದು ತಿಳಿದದ್ದರಲ್ಲಿ ಮಾತುಗಳಿದ್ದವು. ಯಾವುದೋ ಹೆಂಗಸು ಕಬ್ಬಿಣ ಬಡಿಯುತ್ತ ಕೂಗುತ್ತಿದ್ದಳು: "ಬರಬೇಡ ಅಂದಿದ್ರು ಸಾರ್! ಸಾಹೇಬರೇ ಬರಬೇಡ ಅಂದಿದ್ರು!" ಅವಳ ಹಿಂದೆ ಇನ್ಯಾವುದೋ ದನಿ, ಅದೂ ಅದನ್ನೇ ಹೇಳುತ್ತಿತ್ತು. ಆ ಎರಡರ ಅಡಿಯಲ್ಲಿ, ಒಡೆದ ಗಂಟಲಿನಲ್ಲಿ, ಗಟ್ಟಿಯಾಗಿ, ಒಬ್ಬ ಗಂಡಸು ಒಂದು ಎರಡರ ಹಾಡು ಹಾಡುತ್ತಿದ್ದ. ಏಳಕ್ಕೆ ಬಂದು ಮರೆತ. ಮತ್ತೆ ಒಂದರಿಂದ ಶುರುಮಾಡಿದ.

ಯಾವುದೋ ಮೇಜಿನಿಂದ ತಲೆ ಎತ್ತದೆಯೇ ಯಾರೋ ಹೇಳಿದರು, "ಬಿಡಿಸಕ್ಕ, ಕಿಟಕಿ ಹಾಕಿ. ಈ ಗಲಾಟೇಲಿ ಅಕ್ಷರ ಬಿಡಿಸೋದು ಹೇಗೆ?"